ಇಂಪನಾಳ ಆಲ್ಬಮ್ಮಿಗೆ ರಿಸೆಪ್ಷನ್

ಹೊನ್ನವಳ್ಳಿಯ ಶಂಭುಲಿಂಗಯ್ಯನವರಿಗೆ ಮೂರು ಎಕರೆ ತೆಂಗಿನ ತೋಟವಿತ್ತು, ಅದಕ್ಕೊಂದು ಬೋರ್‌ವೆಲ್ ಇತ್ತು, ಒಬ್ಬಳೇ ಮಗಳಿದ್ದಳು. ಜೊತೆಗೆ ಒಂದು ದೌರ್ಬಲ್ಯವೂ ಇತ್ತು. ತಮಗೆ ಗೊತ್ತಿಲ್ಲದ ವಿಷಯವೊಂದು ಈ ಭೂಮಿಯ ಮೇಲೆ ಇರಬಹುದು ಎಂಬುದನ್ನು ಅವರು ಯಾವತ್ತೂ ಒಪ್ಪಿದವರಲ್ಲ. ಬ್ಯಾಂಕಿನವರು ಕೆವೈಸಿ ಎಂದರೆ "ಗೊತ್ತು ಬುಡಿ" ಎನ್ನುತ್ತಿದ್ದರು. ಡಾಕ್ಟರು ಕೊಲೆಸ್ಟರಾಲ್ ಎಂದಾಗ "ಅದು ನಮ್ಮಪ್ಪನ ಕಾಲದಿಂದ್ಲೂ ನಮ್ಮನೇಲಿ ಐತೆ" ಎಂದು ಹೆಮ್ಮೆಯಿಂದ ಹೇಳಿ, ಮಾತ್ರೆ ತೆಗೆದುಕೊಳ್ಳದೆ ಎದ್ದು ಬಂದಿದ್ದರು.

ಮಗಳು ಇಂಪನಾ ಬೆಂಗಳೂರಿನ ಒಂದು ಶಾಲೆಯಲ್ಲಿ ಸಂಗೀತದ ಟೀಚರು. ಬಿಡುವಿನಲ್ಲಿ ತಾನೇ ಹಾಡು ಕಟ್ಟಿ, ಗಿಟಾರು ನುಡಿಸಿಕೊಂಡು, ಪಾಪ್ ಎನ್ನುವ ಧಾಟಿಯಲ್ಲಿ ಹಾಡುತ್ತಾಳೆ ಎಂದು ಊರಿಗೆಲ್ಲ ಗೊತ್ತಿತ್ತು. ಆ ಹಾಡನ್ನು ಊರಿನಲ್ಲಿ ಯಾರೂ ಪೂರ್ತಿಯಾಗಿ ಕೇಳಿರಲಿಲ್ಲ ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು.

ಆ ಸೋಮವಾರ ಬೆಳಿಗ್ಗೆ ಶಂಭುಲಿಂಗಯ್ಯನವರು ತೋಟದಲ್ಲಿ ಮೋಟಾರು ಹಾಕಿ ನಿಂತಿದ್ದಾಗ ಮಗಳ ಫೋನು ಬಂತು.

"ಅಪ್ಪಾಜಿ, ಒಂದು ಖುಷಿ ಸುದ್ದಿ! ಇಷ್ಟು ದಿನ ಬರೀ ಸಿಂಗಲ್ಲು ಸಿಂಗಲ್ಲು ಅಂತಾನೇ ಆಯ್ತು. ಈಗ ಸ್ಟುಡಿಯೋ ಆಲ್ಬಮ್ ರೆಡಿ. ನಿಸರ್ಗ ಜೊತೆ ಸೈನ್ ಮಾಡಿದೀನಿ. ಶುಕ್ರವಾರ ಸಂಜೆ ನಮ್ಮ ತಿಪಟೂರಲ್ಲೇ ಕಲ್ಯಾಣ ಮಂಟಪ ಬುಕ್ ಮಾಡಿದೀವಿ. ರಿಸೆಪ್ಷನ್ ಹೆಂಗಾಗುತ್ತೋ ಅಂತ ಭಯ ಆಗ್ತಿದೆ ಅಪ್ಪಾಜಿ. ನೀವೂ ಅಮ್ಮನೂ ಬರ್ಲೇಬೇಕು."

"ಗೊತ್ತಮ್ಮ, ಗೊತ್ತು. ಬತ್ತೀವಿ" ಎಂದು ಶಂಭುಲಿಂಗಯ್ಯನವರು ಫೋನಿಟ್ಟರು. ಮೋಟಾರಿನ ಸದ್ದಿನಲ್ಲಿ ಮಾತುಗಳೆಲ್ಲ ಕೇಳಿಸಿದ್ದವು. ಅರ್ಥ ಮಾಡಿಕೊಳ್ಳುವ ಕೆಲಸವನ್ನು ಮನೆಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟಿದ್ದರು.

ಮನೆಯಲ್ಲಿ ಹೆಂಡತಿ ಗಿರಿಜಾಂಬಿಕಾ ಕಾಯಿ ತುರಿಯುತ್ತಿದ್ದರು.

"ಯಾರ್ರೀ ಫೋನು?"

"ಇಂಪು ಕಣೇ. ಸ್ಟುಡಿಯೋ ಆಲ್ಬಮ್ ರೆಡಿ ಆಯ್ತಂತೆ."

"ಅಂಗಂದ್ರೆ ಏನ್ರೀ?"

ಶಂಭುಲಿಂಗಯ್ಯನವರು ಹೆಗಲ ಟವೆಲ್ಲನ್ನು ಸರಿಮಾಡಿಕೊಂಡು ಪಾಠಕ್ಕೆ ನಿಂತರು. "ಅಷ್ಟೂ ಗೊತ್ತಾಗಲ್ವೇನೇ ನಿಂಗೆ? ಸ್ಟುಡಿಯೋ ಅಂದ್ರೆ ಫೋಟೋ ತೆಗಿಯೋ ಜಾಗ. ಅವ್ರು ಆಲ್ಬಮ್ಮು ಮಾಡೋದು ಯಾವುದ್ಕೆ? ಮದ್ವೆಗೆ. ಈಗ ನಮ್ಮ ಇಂಪುದು ಆಲ್ಬಮ್ಮು ರೆಡಿ ಆಗೈತೆ ಅಂದ್ರೆ, ಅವಳು ಇನ್ನು ಸಿಂಗಲ್ಲಲ್ಲ ಅಂದ್ರೆ, ನಮ್ಮ ಇಂಪುಗೆ ಮದ್ವೆ..."

ಪಾಠ ಅಲ್ಲಿಗೆ ನಿಂತಿತು. ಗಿರಿಜಾಂಬಿಕಾ ಅವರ ಕೈಯಲ್ಲಿದ್ದ ಕಾಯಿ ಹೋಳು ಉರುಳಿಕೊಂಡು ಹೊಸ್ತಿಲು ದಾಟಿ ಅಂಗಳಕ್ಕೆ ಹೋಯಿತು. ಅದನ್ನು ಎತ್ತಿಕೊಟ್ಟವರು ಪಕ್ಕದ ಮನೆಯ ಪುಟ್ಟಗಂಗಮ್ಮ. ಅವರು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರು ಎಂಬುದನ್ನು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಏಕೆಂದರೆ ಅರ್ಧ ಗಂಟೆಯೊಳಗೆ ಹಾಲಿನ ಡೈರಿಯಲ್ಲಿ ಎಲ್ಲರಿಗೂ ಸುದ್ದಿ ಗೊತ್ತಾಗಿತ್ತು.

ಇಂಥ ಸಂದರ್ಭದಲ್ಲಿ ಆ ಮನೆಯವರು ಕರೆಯುತ್ತಿದ್ದುದು ಗಿರಿಜಾಂಬಿಕಾ ಅವರ ತಮ್ಮ ಮಲ್ಲೇಶನನ್ನು. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಮಲ್ಲೇಶ, ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಹೇಗಿದೆ ಎಂದು ಹೇಳಬಲ್ಲವನು. ಮನುಷ್ಯರ ವಿಷಯದಲ್ಲೂ ತನಗೆ ಅದೇ ಶಕ್ತಿಯಿದೆ ಎಂದು ನಂಬಿದ್ದ. ಬೈಕಿನಿಂದ ಇಳಿಯುತ್ತಲೇ ಮೊಬೈಲು ತೆಗೆದು ಇಂಪನಾಳ ವಾಟ್ಸಾಪ್ ಸ್ಟೇಟಸ್ ತೋರಿಸಿದ. ಚಿತ್ರದಲ್ಲಿ ಇಂಪನಾ ನಗುತ್ತಿದ್ದಳು. ಪಕ್ಕದಲ್ಲಿ ಬೆನ್ನು ಹಾಕಿ ಕುಳಿತಿದ್ದ ಇನ್ನೊಬ್ಬರ ಗಿಡ್ಡ ಕ್ರಾಪೂ, ಜೀನ್ಸ್ ಅಂಗಿಯೂ ಕಾಣುತ್ತಿದ್ದವು. ಕೆಳಗೆ ಹೀಗೆ ಬರೆದಿತ್ತು: "ನಾನೂ ನಿಸರ್ಗನೂ ಒಂದೂವರೆ ವರ್ಷ ಗುಟ್ಟಾಗಿ ಜೋಪಾನ ಮಾಡಿದ ನಮ್ಮ ಕೂಸು, ಶುಕ್ರವಾರ ನಿಮ್ಮ ಮಡಿಲಿಗೆ."

"ಕೂಸಾ?" ಎಂದರು ಗಿರಿಜಾಂಬಿಕಾ.

"ಕೂಸು ಕಣಕ್ಕ."

"ಶಿವರಾತ್ರಿಗೆ ಬಂದಾಗ ಬಳ್ಳಿ ಹಂಗಿದ್ಲಲ್ಲೋ!"

"ಈಗಿನ ಹುಡ್ಗೀರಿಗೆ ಹೊಟ್ಟೆ ಕಾಣಲ್ಲ ಬುಡಕ್ಕ. ಯೋಗ ಮಾಡ್ತಾರೆ."

ಶಂಭುಲಿಂಗಯ್ಯನವರು ಕ್ರಾಪನ್ನೇ ನೋಡುತ್ತಿದ್ದರು. "ನಿಸರ್ಗ ಅಂದ್ರೆ ಯಾವ ಜನ ಇರ್ಬೌದು ಮಲ್ಲೇಶ?"

"ಹೆಸರಲ್ಲಿ ಏನೂ ಬುಟ್ಕೊಟ್ಟಿಲ್ಲ ಭಾವ. ಗಾಳಿ, ನೀರು, ಮರ ಎಲ್ಲಾ ಸೇರ್ಕಂಡೈತೆ."

ಆದರೂ ಅನುಮಾನ ಪರಿಹಾರವಾಗಲಿ ಎಂದು ಮಂಗಳವಾರ ಭಾವ ಭಾಮೈದ ಇಬ್ಬರೂ ತಿಪಟೂರಿಗೆ ಹೋದರು. ಮೊದಲು ಹೊಕ್ಕಿದ್ದು ಭೀಮರಾಜುವಿನ ಫೋಟೋ ಸ್ಟುಡಿಯೋ. ಇಬ್ಬರು ಹಿರಿಯರು ಗಂಭೀರವಾದ ಮುಖ ಹೊತ್ತು ಒಳಗೆ ಬಂದಿದ್ದನ್ನು ಕಂಡು ಭೀಮರಾಜು ಎದ್ದು ನಿಂತ.

"ಸಾರ್, ನಿಮ್ದು ಯಾವ ಮದ್ವೆ? ಡಿಸೈನ್ ಮಾಡೋನು ಊರಿಗೆ ಹೋಗವ್ನೆ ಸಾರ್. ಬರೋ ವಾರ ಗ್ಯಾರಂಟಿ."

"ಅದಲ್ಲ ಕಣಪ್ಪ" ಎಂದರು ಶಂಭುಲಿಂಗಯ್ಯನವರು. "ಮದ್ವೆ ಆಗಿ ಎಷ್ಟು ದಿನಕ್ಕೆ ಆಲ್ಬಮ್ಮು ರೆಡಿ ಆಯ್ತದೆ? ನಂಗೆ ಗೊತ್ತು, ಇವನಿಗೆ ಅನುಮಾನ."

ಬೈಯುವುದಕ್ಕೆ ಬಂದವರಲ್ಲ ಎಂದು ತಿಳಿದು ಭೀಮರಾಜುವಿಗೆ ಧೈರ್ಯ ಬಂತು. "ನಿಜ ಹೇಳ್ಬೇಕು ಅಂದ್ರೆ ವರ್ಷ, ಒಂದೂವರೆ ವರ್ಷ ಆಯ್ತದೆ ಸಾರ್. ಹೋದ ತಿಂಗಳು ಒಬ್ರಿಗೆ ಮಗಿನ ಹುಟ್ಟಿದಬ್ಬದ ದಿನವೇ ಮದ್ವೆ ಆಲ್ಬಮ್ ಕೊಟ್ಟು ಬಂದೆ. ಮಗಾನೇ ಪುಟ ತಿರುವ್ತು."

ಮಲ್ಲೇಶ ಭಾವನ ಕಡೆ ನೋಡಿದ. ಲೆಕ್ಕ ಸರಿಹೋಗಿತ್ತು.

ಅಲ್ಲಿಂದ ಕಲ್ಯಾಣ ಮಂಟಪಕ್ಕೆ ಹೋದರು. ಅಲ್ಲಿನ ಮ್ಯಾನೇಜರು ಶ್ರೀರಂಗಯ್ಯ, ನಿವೃತ್ತ ಗುಮಾಸ್ತರು, ಪುಸ್ತಕದಲ್ಲಿ ಇಲ್ಲದ್ದನ್ನು ಬಾಯಲ್ಲಿ ಹೇಳದವರು. ಕನ್ನಡಕ ಮೂಗಿನ ತುದಿಗೆ ಜಾರಿಸಿ, ಶುಕ್ರವಾರದ ಪುಟ ತೆಗೆದು ಓದಿದರು. "ವಧು, ಇಂಪನಾ. ವರ, ನಿಸರ್ಗ. ಸಂಜೆ ಐದಕ್ಕೆ. ಕುರ್ಚಿ ಎಂಬತ್ತು."

"ಎಂಬತ್ತೇನಾ?" ಎಂದ ಮಲ್ಲೇಶ.

"ಅವ್ರು ಹೇಳಿದ್ದು ಎಂಬತ್ತೇ ಕಣ್ರೀ. ಅಷ್ಟು ಜನನೂ ಬರ್ತಾರೋ ಇಲ್ವೋ ಅಂತ ಆ ಹುಡುಗಿ ಪಾಪ ಕೈ ಕೈ ಹಿಸುಕ್ಕೊಂಡು ನಿಂತಿತ್ತು."

ಈ ಮಾತು ಶಂಭುಲಿಂಗಯ್ಯನವರ ಎದೆಗೆ ನಾಟಿತು. ಅಲ್ಲಿಯತನಕ ಅವರು ಸಿಟ್ಟು ಮಾಡಿಕೊಳ್ಳಬೇಕೋ ಬೇಡವೋ ಎಂದು ಗೊತ್ತಾಗದೆ, ಎರಡಕ್ಕೂ ಅನುಕೂಲವಾಗುವಂಥ ಒಂದು ಮುಖ ಮಾಡಿಕೊಂಡಿದ್ದರು. ಊರಿಗೆ ವಾಪಸು ಬರುವ ಬಸ್ಸು ಹತ್ತುವಷ್ಟರಲ್ಲಿ ಆ ಮುಖದಿಂದ ಸಿಟ್ಟಿನ ಪಾಲು ಇಳಿದುಹೋಗಿತ್ತು.

ಬುಧವಾರ ಮಗಳಿಗೆ ತಾವೇ ಫೋನು ಮಾಡಿದರು. "ಹೆದರ್ಕಂಡಿರೋ ಹುಡುಗಿ, ಜೋರಾಗಿ ಏನೂ ಕೇಳ್ಬೇಡಿ" ಎಂದು ಗಿರಿಜಾಂಬಿಕಾ ಪಕ್ಕದಲ್ಲೇ ಕೂತು ಕಾವಲಿದ್ದರು.

"ಎಲ್ಲಾ ಸಸೂತ್ರ ಆಯ್ತೇನಮ್ಮ?"

"ಆಯ್ತು ಅಪ್ಪಾಜಿ. ನಿಮಗೆ ಸರ್ಪ್ರೈಸ್ ಕೊಡೋಣ ಅಂತ ಇಷ್ಟು ದಿನ ಹೇಳಿರ್ಲಿಲ್ಲ. ಬೇಜಾರಾಯ್ತಾ?"

"ಇಲ್ಲ ಬುಡು. ತುಂಬಾ ಕಷ್ಟ ಆಯ್ತಾ?"

"ಕೊನೇಲಿ ಸ್ವಲ್ಪ ಕಟ್ ಮಾಡ್ಬೇಕಾಯ್ತು."

ಶಂಭುಲಿಂಗಯ್ಯನವರು ಕಣ್ಣು ಮುಚ್ಚಿಕೊಂಡರು. ಹೆಂಡತಿಯ ಕಡೆ ತಿರುಗಿ, ಹೊಟ್ಟೆಯ ಮೇಲೆ ಬೆರಳಿನಿಂದ ಗೀರು ಎಳೆದು ತೋರಿಸಿದರು. ಗಿರಿಜಾಂಬಿಕಾ ಸೆರಗು ಬಾಯಿಗಿಟ್ಟುಕೊಂಡರು.

"ಮೊದಲು ಹನ್ನೆರಡು ಅಂತಿತ್ತು ಅಪ್ಪಾಜಿ" ಎಂದಳು ಮಗಳು. "ಆಮೇಲೆ ಒಂಬತ್ತಕ್ಕೇ ಸಾಕು ಅಂತ ನಿಲ್ಲಿಸಿದ್ವಿ."

"ಒಂಬತ್ತೇ ಸರಿ ಕಣಮ್ಮ" ಎಂದರು ಶಂಭುಲಿಂಗಯ್ಯನವರು. "ಲೋಕದಲ್ಲಿ ಎಲ್ರಿಗೂ ಒಂಬತ್ತೇ. ನೀನು ಜಾಸ್ತಿ ಓಡಾಡ್ಬೇಡ. ತಲೆಗೆ ಬಟ್ಟೆ ಕಟ್ಕೋ."

ತಲೆಗೆ ಬಟ್ಟೆ ಯಾಕೆ ಎಂದು ಇಂಪನಾ ಕೇಳುವಷ್ಟರಲ್ಲಿ ಅವರು ಫೋನು ಇಟ್ಟಾಗಿತ್ತು.

ಅಂದಿನಿಂದ ಮನೆ ಹೆರಿಗೆ ವಾರ್ಡಿನಂತಾಯಿತು. ಗಿರಿಜಾಂಬಿಕಾ ಕೊಬ್ಬರಿ, ಬೆಲ್ಲ, ಒಣ ಖರ್ಜೂರ ಕುಟ್ಟಿ ಡಬ್ಬಿಗಟ್ಟಲೆ ಬಾಣಂತಿ ಉಂಡೆ ಕಟ್ಟಿದರು. ಹಳೇ ಹತ್ತಿ ಸೀರೆಗಳನ್ನು ಹರಿದು, ಒಗೆದು, ಅಂಗಳದ ತಂತಿಯ ಮೇಲೆ ಉದ್ದಕ್ಕೂ ಒಣಹಾಕಿದರು. ಅದನ್ನು ನೋಡಿದ ಮೇಲೆ ಊರಿನಲ್ಲಿ ಅಳಿದುಳಿದವರಿಗೂ ವಿಷಯ ತಿಳಿಯಿತು. ಪುಟ್ಟಗಂಗಮ್ಮ ತಮ್ಮ ಮನೆಯ ಮರದ ತೊಟ್ಟಿಲನ್ನು ತೊಳೆದು ತಂದು ಜಗಲಿಯ ಮೇಲಿಟ್ಟರು.

"ಏನೋ ಆಗಿದ್ದು ಆಗೋಯ್ತು ಶಂಭಣ್ಣ. ಗಂಡಿನ ಕಡೆಯೋರು ಬೆಂಗ್ಳೂರಿಂದ ಎರಡು ಬಸ್ಸು ಜನ ಬಂದು, ಹೆಣ್ಣಿನ ಕಡೆ ಅಂತ ನೀವಿಬ್ರೇ ಮೂಲೇಲಿ ಕೂತಿದ್ರೆ, ನಮ್ಮೂರಿನ ಮರ್ವಾದೆ ಏನಾಗ್ಬೇಕು?"

ಶಂಭುಲಿಂಗಯ್ಯನವರು ಎದ್ದು ಬಿಳಿ ಅಂಗಿ ತೊಟ್ಟರು. ಗುರುವಾರ ಬೆಳಗಿನಿಂದ ಸಂಜೆಯವರೆಗೆ ಮನೆ ಮನೆಗೂ ಹೋಗಿ ಕೈಮುಗಿದರು. "ನಾಳೆ ಸಂಜೆ ಇಂಪು ರಿಸೆಪ್ಷನ್ನು. ತಿಪಟೂರಲ್ಲಿ. ಮಗಳು ಒಬ್ಬಳೇ ನಿಂತ್ಕಬಾರದು. ಎಲ್ರೂ ಬರ್ಬೇಕು." ಯಾರಾದರೂ ಅಡ್ಡಪ್ರಶ್ನೆ ಕೇಳಿಯಾರೆಂದು ಮಲ್ಲೇಶ ಪ್ರತಿ ಬಾಗಿಲಲ್ಲೂ "ಊಟದ್ದು ನಂದು" ಎಂದು ಸೇರಿಸುತ್ತಿದ್ದ. ಯಾರೂ ಅಡ್ಡಪ್ರಶ್ನೆ ಕೇಳಲಿಲ್ಲ.

ಶುಕ್ರವಾರ ಸಂಜೆ ಐದಕ್ಕೆ ಇಂಪನಾ ಮಂಟಪದ ವೇದಿಕೆಯಲ್ಲಿ ಗಿಟಾರಿನ ತಂತಿ ಬಿಗಿ ಮಾಡುತ್ತಿದ್ದಳು. ಎಂಬತ್ತು ಕುರ್ಚಿಯಲ್ಲಿ ಆರು ತುಂಬಿದ್ದವು. ಅದರಲ್ಲಿ ಮೂವರು ಮೈಕ್ ಸೆಟ್ಟಿನವರು. ಆಗ ಹೊರಗೆ ಹಾರನ್ನುಗಳ ಸದ್ದು ಕೇಳಿತು. ಎರಡು ಬಸ್ಸು, ನಾಲ್ಕು ಟ್ರ್ಯಾಕ್ಟರು, ಲೆಕ್ಕವಿಲ್ಲದಷ್ಟು ಲಗೇಜ್ ಆಟೋ ಮತ್ತು ಬೈಕುಗಳಲ್ಲಿ ಹೊನ್ನವಳ್ಳಿಯೇ ಬಂದಿಳಿಯಿತು. ಗೋಡೆ ಗಡಿಯಾರ, ಕುಕ್ಕರು, ಮಕ್ಕಳ ಸ್ವೆಟರು ಹಿಡಿದು ನಾನೂರು ಜನ ಒಳಗೆ ನುಗ್ಗಿದರು. ತಮ್ಮ ಊರಿನಲ್ಲಿ ತನ್ನ ಹಾಡಿಗೆ ಇಷ್ಟು ಅಭಿಮಾನಿಗಳಿದ್ದಾರೆ ಎಂಬುದನ್ನು ಕಂಡು ಇಂಪನಾಳಿಗೆ ಅಳುವೇ ಬಂದುಬಿಟ್ಟಿತು. ಮಗಳ ಕಣ್ಣೀರು ನೋಡಿ ತಂದೆ, ತಪ್ಪಿನ ಅರಿವಾಗಿದೆ ಎಂದುಕೊಂಡು ಕರಗಿದರು.

ಶ್ರೀರಂಗಯ್ಯನವರು "ಕುರ್ಚಿ ಎಂಬತ್ತೇ ಬರ್ಕೊಟ್ಟಿರೋದು!" ಎಂದು ಪುಸ್ತಕ ಹಿಡಿದು ಕೂಗುತ್ತಿದ್ದರು. ಅವರನ್ನು ಪಕ್ಕಕ್ಕೆ ಸರಿಸಿ ಮಲ್ಲೇಶ ವ್ಯವಸ್ಥೆಗೆ ನಿಂತ. ವೇದಿಕೆಯ ಪಕ್ಕದಲ್ಲಿ ದೊಡ್ಡ ಬ್ಯಾನರು ಕಟ್ಟಿತ್ತು. ಅದರ ಮೇಲೆ "ಇಂಪನಾ: ಗರಿ" ಎಂದು ಬರೆದು, ಕೆಳಗೆ ಚೌಕಾಕಾರದ ಕ್ಯೂಆರ್ ಕೋಡ್ ಹಾಕಿ "ಇಲ್ಲಿ ಸ್ಕ್ಯಾನ್ ಮಾಡಿ" ಎಂದಿತ್ತು. ಮದುವೆ ಮನೆಗಳಲ್ಲಿ ಇತ್ತೀಚೆಗೆ ಇಂಥ ಚೌಕ ಯಾವುದಕ್ಕೆ ಇರುತ್ತದೆ ಎಂಬುದು ಮಲ್ಲೇಶನಿಗೆ ತಿಳಿಯದ್ದೇನಲ್ಲ.

"ಮುಯ್ಯಿ ಮಾಡೋರೆಲ್ಲ ಇಲ್ಲೇ ಸ್ಕ್ಯಾನ್ ಮಾಡ್ರಪ್ಪಾ! ಕವರು ಗಿವರು ಬ್ಯಾಡ! ಸಾಲಾಗಿ ಬನ್ನಿ!"

ಮರ್ಯಾದಸ್ಥ ಜನ ಸಾಲಾಗಿ ಬಂದು ಮೊಬೈಲು ಎತ್ತಿ ಹಿಡಿದರು. ಚೌಕ ಸಿಕ್ಕಿದೊಡನೆ ಹಾಡಿನ ಪುಟ ತೆರೆದುಕೊಂಡು ತಾನಾಗಿಯೇ ಮೊಳಗತೊಡಗಿತು. ಆ ಆಲ್ಬಮ್ಮಿನ ಮೊದಲ ಹಾಡು ಶುರುವಾಗುವುದು ಗಿಟಾರಿನಿಂದಲ್ಲ, ಒಬ್ಬ ಗಂಡಸಿನ ಗಂಟಲು ಹರಿಯುವಂಥ ಕೂಗಿನಿಂದ: "ಏಯ್, ತಲೆ ನೋಡ್ಕಳ್ರೋ! ಕಾಯಿ ಬೀಳ್ತೈತೆ!"

ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಈ ಕೂಗು ಕಿವಿಗೆ ಬಿದ್ದರೆ ಯೋಚನೆ ಮಾಡುವುದಕ್ಕೆ ಸಮಯ ಇರುವುದಿಲ್ಲ. ಮೊದಲ ಸಾಲಿನವರು ತಲೆಯ ಮೇಲೆ ಕೈಯಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತರು. ಅವರು ಏಳುವಷ್ಟರಲ್ಲಿ ಎರಡನೇ ಸಾಲಿನವರ ಮೊಬೈಲುಗಳು ಕೂಗಿದವು. ಒಂದೊಂದು ಒಂದೊಂದು ಗಳಿಗೆಗೆ ಕೂಗುತ್ತಿದ್ದುದರಿಂದ ಇಡೀ ಮಂಟಪ ಏಳುತ್ತಾ ಕೂರುತ್ತಾ ಅಲೆಯಂತೆ ಆಡತೊಡಗಿತು. ಪುಟ್ಟಗಂಗಮ್ಮ ತೊಟ್ಟಿಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡರು. ಶ್ರೀರಂಗಯ್ಯನವರು ಪುಸ್ತಕದ ಸಮೇತ ಮೇಜಿನ ಕೆಳಗೆ ಸೇರಿದರು.

ಕೂರದೆ ನಿಂತೇ ಇದ್ದವರು ಶಂಭುಲಿಂಗಯ್ಯನವರು ಒಬ್ಬರೇ.

"ಇದು ನನ್ನ ಗಂಟಲು ಕಣೇ ಗಿರಿಜಾ!"

ಇಂಪನಾ ವೇದಿಕೆಯಿಂದ ಓಡಿ ಬಂದಳು. "ನಿಮ್ದೇ ಅಪ್ಪಾಜಿ! ಶಿವರಾತ್ರಿಗೆ ಬಂದಾಗ ತೋಟದಲ್ಲಿ ಕಾಯಿ ಕೆಡವುವಾಗ ಗೊತ್ತಾಗದ ಹಾಗೆ ರೆಕಾರ್ಡ್ ಮಾಡಿದ್ದೆ. ಅದೇ ಸರ್ಪ್ರೈಸು!"

"ಅದಿರ್ಲಿ. ಅಳಿಯಂದಿರು ಎಲ್ಲಿ?"

"ಯಾವ ಅಳಿಯಂದಿರು?"

"ನಿಸರ್ಗ ಕಣಮ್ಮ. ನಂಗೆಲ್ಲಾ ಗೊತ್ತು. ಮುಚ್ಚಿಡ್ಬೇಡ."

ಮೂಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ ಗಿಡ್ಡ ಕ್ರಾಪು ಈ ಕಡೆ ತಿರುಗಿತು. ಮೂಗಿನಲ್ಲಿ ಮೂಗುಬೊಟ್ಟು, ಕಿವಿಯಲ್ಲಿ ಜುಮುಕಿ. "ನಮಸ್ಕಾರ ಅಂಕಲ್. ನಾನೇ ನಿಸರ್ಗ. ಇಂಪನಾ ಹಾಡುಗಳನ್ನ ರೆಕಾರ್ಡ್ ಮಾಡಿ ಹೊರಗೆ ತರೋ ಕಂಪನಿ ನಂದು. ನಿಮ್ಮ ವಾಯ್ಸ್ ಸೂಪರ್."

ಶಂಭುಲಿಂಗಯ್ಯನವರು ಮೂಗುಬೊಟ್ಟನ್ನು ನೋಡಿದರು. ಮಲ್ಲೇಶನನ್ನು ನೋಡಿದರು. ಮಲ್ಲೇಶ ಫ್ಯಾನು ನೋಡುತ್ತಿದ್ದ.

"ಅಂಗಾರೆ ಕೂಸು?" ಎಂದರು ಗಿರಿಜಾಂಬಿಕಾ, ಉಂಡೆಯ ಡಬ್ಬಿ ಹಿಡಿದು.

"ಇದೇ ಅಮ್ಮ!" ಎಂದು ಇಂಪನಾ ಬ್ಯಾನರು ತೋರಿಸಿದಳು. "ಒಂದೊಂದೇ ಹಾಡು ಬಿಟ್ರೆ ಸಿಂಗಲ್ಲು, ಆಲ್ಬಮ್ಮು ಅಂದ್ರೆ ಒಂಬತ್ತು ಹಾಡಿನ ಗುಚ್ಛ. ಸ್ಟುಡಿಯೋಲಿ ಕೂತು ಹಾಡಿದ್ದು. ಹನ್ನೆರಡಿತ್ತು, ಮೂರು ತೆಗೆದ್ವಿ. ಜನ ಹೆಂಗೆ ಸ್ವೀಕರಿಸ್ತಾರೋ ಅನ್ನೋದಕ್ಕೆ ರಿಸೆಪ್ಷನ್..." ಅಷ್ಟರಲ್ಲಿ ಅವಳಿಗೆ ತೊಟ್ಟಿಲು ಕಂಡಿತು, ಸ್ವೆಟರುಗಳು ಕಂಡವು, ತಲೆಗೆ ಬಟ್ಟೆ ಕಟ್ಟಿಕೋ ಎಂದಿದ್ದು ನೆನಪಾಯಿತು. "ಅಪ್ಪಾಜಿ! ನೀವೇನಂದ್ಕೊಂಡ್ರಿ?" ಎಂದವಳೇ ನಗು ತಡೆಯಲಾರದೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು.

ಶಂಭುಲಿಂಗಯ್ಯನವರು ವೇದಿಕೆಯ ಮೇಲೆ ವಧೂವರರಿಗೆಂದು ಸದಾ ಇರುವ ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ ಹೋಗಿ ಕೂತರು. ಸೋಮವಾರದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಉಸಿರನ್ನು ಬಿಟ್ಟರು. ಎದುರಿಗೇ ಮೈಕು ಇದ್ದುದರಿಂದ ಆ ನಿಟ್ಟುಸಿರು ಮಂಟಪದ ನಾಲ್ಕೂ ಸ್ಪೀಕರುಗಳಲ್ಲಿ ಬಿರುಗಾಳಿಯಂತೆ ಕೇಳಿ, ನಾನೂರು ಜನರೂ ಗಪ್‌ಚಿಪ್ಪಾದರು.

ಇನ್ನು ಮಾತಾಡದೆ ಗತ್ಯಂತರವಿರಲಿಲ್ಲ. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. "ಬಂಧುಗಳೇ, ಇದು ಮದ್ವೆ ರಿಸೆಪ್ಷನ್ನಲ್ಲ. ನನ್ನ ಮಗಳಿಗೆ ಮದ್ವೆನೂ ಆಗಿಲ್ಲ, ಮಗಾನೂ ಇಲ್ಲ. ಇದು ಅವಳ ಹಾಡಿನ ಕಾರ್ಯಕ್ರಮ. ಆಲ್ಬಮ್ಮು ಅಂದ್ರೆ ಏನು ಅಂತ..." ಎಂದು ತಡವರಿಸಿ, "ನಂಗೆ ಗೊತ್ತಿರ್ಲಿಲ್ಲ" ಎಂದರು.

ಹೊನ್ನವಳ್ಳಿಯ ಇತಿಹಾಸದಲ್ಲಿ ಅವರ ಬಾಯಿಂದ ಈ ಮಾತು ಬಂದಿದ್ದು ಅದೇ ಮೊದಲು. ತೊಟ್ಟಿಲ ಕೆಳಗಿನಿಂದ ಪುಟ್ಟಗಂಗಮ್ಮನ ದನಿ ಬಂತು.

"ಅದೆಲ್ಲ ಇರ್ಲಣ್ಣ. ಊಟ ಐತೋ ಇಲ್ವೋ ಅದು ಹೇಳು."

"ಐತೆ!" ಎಂದು ಮಲ್ಲೇಶ ಕೂಗಿದ. "ಹಾಡಾದ್ಮೇಲೆ!"

ಭಾರೀ ಚಪ್ಪಾಳೆ ಬಿತ್ತು. ಮೂಗುಬೊಟ್ಟಿನ ಹುಡುಗಿಯನ್ನು ವರ ಎಂದು ಬರೆದಿದ್ದು ಹೇಗೆ ಎಂದು ಯಾರೋ ಕೇಳಿದ್ದಕ್ಕೆ ಶ್ರೀರಂಗಯ್ಯನವರು ಮೇಜಿನ ಕೆಳಗಿನಿಂದಲೇ ಉತ್ತರ ಕೊಟ್ಟರು. "ಇಬ್ರು ಹೆಸರು ಕೊಟ್ರು, ಪುಸ್ತಕದಲ್ಲಿ ಇರೋವು ಎರಡೇ ಖಾನೆ. ನಾನೇನು ಹೊಸದಾಗಿ ಗೆರೆ ಹೊಡೀಲಾ?"

ಇಂಪನಾ ಒಂಬತ್ತು ಹಾಡನ್ನೂ ಹಾಡಿದಳು. ಮೊದಲೆರಡು ಹಾಡನ್ನು ಜನ ಊಟದ ಮೇಲಿನ ಗೌರವದಿಂದ ಕೇಳಿದರು. ಮೂರನೆಯದಕ್ಕೆ ಟ್ರ್ಯಾಕ್ಟರು ಡ್ರೈವರುಗಳ ತಲೆ ತಾನಾಗಿ ಅಲ್ಲಾಡಿತು. ಕಾಯಿ ಸುಲಿಯುವ ಸದ್ದನ್ನೇ ತಾಳ ಮಾಡಿಕೊಂಡಿದ್ದ ಐದನೆಯದನ್ನು ಎರಡು ಸಲ ಹಾಡಿಸಿದರು.

ಹಾಡು ಮುಗಿದ ಮೇಲೂ ಜನ ಅವನ್ನೇ ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿಕೊಂಡು ಊಟಕ್ಕೆ ಕೂತರು. ಅಷ್ಟರಲ್ಲಿ ನಿಸರ್ಗಳ ಫೋನು ಬಡಿದುಕೊಳ್ಳತೊಡಗಿತು. ಹಾಡುಗಳನ್ನು ಮೊಬೈಲಿಗೆ ಹಂಚುವ ದೊಡ್ಡ ಕಂಪನಿಯವರು. ಗಂಟೆಯೊಳಗೆ ಒಂದೇ ಊರಿನ ಒಂದೇ ಕಟ್ಟಡದಿಂದ ಸಾವಿರಾರು ಸಲ ಹಾಡು ಕೇಳಲಾಗಿದೆ, ಇದು ಮನುಷ್ಯರು ಮಾಡುವ ಕೆಲಸವಲ್ಲ, ಯಾವುದೋ ಯಂತ್ರ ಇಟ್ಟು ಮೋಸ ಮಾಡುತ್ತಿದ್ದೀರಿ, ಆಲ್ಬಮ್ಮನ್ನು ತೆಗೆದುಹಾಕುತ್ತೇವೆ ಎಂದು ಅವರ ತಗಾದೆ. ನಿಸರ್ಗಳ ಮುಖ ಬಿಳಿಚಿಕೊಂಡಿತು. ಒಂದೂವರೆ ವರ್ಷದ ಕೆಲಸ ಒಂದು ಗುಂಡಿ ಒತ್ತಿದರೆ ಮಾಯವಾಗುವುದರಲ್ಲಿತ್ತು.

ಮಲ್ಲೇಶ ಫೋನು ಕಿತ್ತುಕೊಂಡ. "ಯಂತ್ರ ಅಲ್ಲ ಕಣ್ರೀ, ಹೊನ್ನವಳ್ಳಿ ಜನ! ನೋಡ್ತೀರಾ?" ಎಂದು ವಿಡಿಯೋ ಹಾಕಿ ಊಟದ ಪಂಕ್ತಿಯ ಮುಂದೆ ಉದ್ದಕ್ಕೂ ನಡೆದ. ಎಲೆಯ ಮುಂದೆ ಕೂತ ಒಬ್ಬೊಬ್ಬರೂ ಒಂದು ಕೈಯಲ್ಲಿ ಪಾಯಸ, ಇನ್ನೊಂದು ಕೈಯಲ್ಲಿ ಹಾಡುವ ಮೊಬೈಲು ಎತ್ತಿ ತೋರಿಸಿದರು. ಪುಟ್ಟಗಂಗಮ್ಮ ಕ್ಯಾಮೆರಾವನ್ನು ಹಿಡಿದು ನಿಲ್ಲಿಸಿ, "ಏನಪ್ಪಾ, ನಾನು ಯಂತ್ರದ ಹಂಗೆ ಕಾಣ್ತೀನಾ ನಿಂಗೆ?" ಎಂದು ಕೇಳಿದರು. ಆ ಕಡೆಯವರು "ಇಲ್ಲ ಮೇಡಂ, ಸಾರಿ" ಎಂದರು.

ಆಲ್ಬಮ್ಮು ಉಳಿಯಿತು. ಉಳಿದಿದ್ದಷ್ಟೇ ಅಲ್ಲ, ಆ ವಾರ ಹೆಚ್ಚು ಜನ ಕೇಳಿದ ಆಲ್ಬಮ್ಮುಗಳ ಪಟ್ಟಿಯಲ್ಲಿ ಹದಿನೇಳನೆಯ ಸ್ಥಾನಕ್ಕೆ ಬಂತು. ಎಲ್ಲಿ ಹೆಚ್ಚು ಕೇಳುತ್ತಾರೆ ಎಂಬ ನಕ್ಷೆಯಲ್ಲಿ ತಿಪಟೂರಿನ ಮೇಲೆ ಹಲಸಿನ ಹಣ್ಣಿನಷ್ಟು ದೊಡ್ಡ ಚುಕ್ಕೆ ಬಿದ್ದಿತ್ತು, ಬೆಂಗಳೂರಿನದು ಅಡಿಕೆಯಷ್ಟು. ನಿಸರ್ಗ ಖುಷಿಯಲ್ಲಿ ಒಂದು ಡಬ್ಬಿ ಬಾಣಂತಿ ಉಂಡೆಯನ್ನು ಒಬ್ಬಳೇ ಮುಗಿಸಿದಳು. ತಿನ್ನುವವರು ಸಿಕ್ಕಿದರಲ್ಲ ಎಂದು ಗಿರಿಜಾಂಬಿಕಾ ಅವರಿಗೆ ಸಮಾಧಾನವಾಯಿತು.

ಭಾನುವಾರ ಬೆಳಿಗ್ಗೆ ಇಂಪನಾ ಊರಿನ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮೈಮರೆತು ನಿದ್ದೆ ಮಾಡುತ್ತಿದ್ದಳು. ವಾರದಿಂದ ಸರಿಯಾಗಿ ಮಲಗಿರಲಿಲ್ಲವಂತೆ. ಶಂಭುಲಿಂಗಯ್ಯನವರು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಕಾಯಿ ತುಂಬಿದ ಲಗೇಜ್ ಆಟೋವೊಂದು ಬೀದಿಯ ತಿರುವಿನಲ್ಲಿ ಕಾಣಿಸಿತು. ಅದರ ಸ್ಪೀಕರಿನಲ್ಲಿ ಐದನೆಯ ಹಾಡು ಊರು ಎದ್ದು ಬರುವಂತೆ ಮೊಳಗುತ್ತಿತ್ತು. ಶಂಭುಲಿಂಗಯ್ಯನವರು ಲೋಟ ಕೆಳಗಿಟ್ಟು, ಬರಿಗಾಲಲ್ಲೇ ಓಡಿ, ಎರಡೂ ಕೈ ಅಡ್ಡ ಹಿಡಿದು ಆಟೋ ನಿಲ್ಲಿಸಿದರು.

"ಲೇ, ಸೌಂಡು ಕಮ್ಮಿ ಮಾಡ್ಲಾ" ಎಂದರು ಪಿಸುದನಿಯಲ್ಲಿ. "ಹಾಡಿದೋಳು ಒಳಗೆ ಮಲಗವ್ಳೆ."